ಗುರುವಾರ ಸಂಜೆಯ ಬ್ಯಾಂಜೊ

ಹಿಂದಿನ ಸಂಚಿಕೆಯಲ್ಲಿ ತಬಲಾ ವಾದಕ ಝಾಕಿರ್ ಹುಸೇನ್ ಅವರ ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ಅವರೊಂದಿಗೆ ನುಡಿಸಿದ ಅಮೆರಿಕದ ಬ್ಯಾಂಜೊ ವಾದಕ ಬೇಲಾ ಫ್ಲೆಕ್ ಅವರ ಹೆಸರನ್ನೂ ಬ್ಲೂಗ್ರಾಸ್ ಎಂಬ ಸಂಗೀತ ಪ್ರಕಾರವನ್ನೂ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಸಾಲನ್ನು ಹಿಡಿದುಕೊಂಡು ನಗರದ ನಾಲ್ಕು ದಿಕ್ಕಿನಿಂದ ಪತ್ರಗಳು ಬಂದಿವೆ. ಈ ಸಲದ ಅಂಕಣ ಅವುಗಳಿಗೇ ಮೀಸಲು.

ಪ್ರಶ್ನೆ: ನಾನು 1979ರಿಂದ ಐದು ವರ್ಷ ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡಿದೆ. ಸಹೋದ್ಯೋಗಿಯೊಬ್ಬರು ಒಂದು ಗುರುವಾರ ಸಂಜೆ ಪೊಟೋಮ್ಯಾಕ್ ನದಿಯಾಚೆ, ವರ್ಜೀನಿಯಾದ ಬರ್ಚ್‌ಮಿಯರ್ ಎಂಬ ಸಭಾಂಗಣಕ್ಕೆ ಕರೆದೊಯ್ದರು. ಅಲ್ಲಿ ‘ಸೆಲ್ಡಮ್ ಸೀನ್’ ಎಂಬ ತಂಡ ನುಡಿಸುತ್ತಿತ್ತು. ಆಮೇಲೆ ನಾನು ತಪ್ಪಿಸಿದ ಗುರುವಾರಗಳು ಕಡಿಮೆ. ಈಗ ಮೊಮ್ಮಗಳು ನನ್ನ ಹಳೆಯ ಕ್ಯಾಸೆಟ್ಟುಗಳನ್ನು ಕೇಳಿ, ‘ಇದು ದನ ಕಾಯುವವರ ಹಾಡಲ್ಲವಾ ತಾತಾ?’ ಎನ್ನುತ್ತಾಳೆ. ಅವಳಿಗೆ ಹೇಗೆ ವಿವರಿಸಲಿ? ಆ ತಂಡದವರು ಆಮೇಲೆ ಏನಾದರು?
— ಮಲ್ಲೇಶ್ವರದ ಓದುಗರು

ಉತ್ತರ: ತಮ್ಮ ಮೊಮ್ಮಗಳು ಭರತನಾಟ್ಯವನ್ನೋ ಮೃದಂಗವನ್ನೋ ಸ್ವಲ್ಪ ಕಲಿತಿದ್ದರೆ ತಮ್ಮ ಕೆಲಸ ಹಗುರ. ‘ತಕಿಟ ತಕಿಟ ತಕ’ ಎಂದು ಅವಳಿಂದ ಬಾಯಲ್ಲಿ ಹೇಳಿಸಿ, ಮೂರು, ಮೂರು, ಎರಡು, ಒಟ್ಟು ಎಂಟು, ಎಂದು ಎಣಿಸಿ ತೋರಿಸಿ. ಬ್ಲೂಗ್ರಾಸ್ ಬ್ಯಾಂಜೊದ ಜೀವಾಳವಾದ ಬೆರಳುಸುತ್ತುಗಳಲ್ಲಿ ಬಹುಪಾಲು ಈ ಲೆಕ್ಕದ ಮೇಲೆಯೇ ನಿಂತಿವೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರಕ್ಕೂ ನಮ್ಮ ವೈಣಿಕರ ನಖಿಯಂಥದ್ದನ್ನು ತೊಟ್ಟು, ಎಂಟು ಸ್ವರಗಳ ಸುತ್ತನ್ನು ಬಿಡುವಿಲ್ಲದೆ ಉರುಳಿಸುತ್ತ, ರಾಗದ ಸ್ವರಗಳನ್ನು ಅದರೊಳಗೇ ಎತ್ತಿ ಹಿಡಿಯುವುದು ವಾದಕನ ಕೌಶಲ. ಬ್ಯಾಂಜೊದ ಐದನೆಯ ತಂತಿ ಉಳಿದವಕ್ಕಿಂತ ಗಿಡ್ಡ. ಅದರ ಬಿರಡೆಯೂ ದಂಡಿಯ ನಡುವೆಯೇ ಇರುತ್ತದೆ. ವೀಣೆಯ ತಾಳದ ತಂತಿಗಳನ್ನು ಕಿರುಬೆರಳು ಮೀಟುವ ಹಾಗೆ ಇದನ್ನು ಹೆಬ್ಬೆರಳು ಮೀಟುತ್ತ ಒಂದೇ ಮೇಲುಸ್ವರವನ್ನು ಕಾಪಾಡುತ್ತದೆ. ನನ್ನ ತಾಯಿ ಮೊದಲ ಸಲ ಈ ವಾದ್ಯವನ್ನು ಟೇಪ್ ರೆಕಾರ್ಡರಿನಲ್ಲಿ ಕೇಳಿದಾಗ, ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು, ‘ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗಿದೆಯಲ್ಲೋ’ ಎಂದಿದ್ದರು. ಇದಕ್ಕಿಂತ ಚೆನ್ನಾಗಿ ವರ್ಣಿಸುವುದು ನನ್ನಿಂದ ಈವರೆಗೂ ಆಗಿಲ್ಲ.

ದನ ಕಾಯುವವರ ಹಾಡಂತೂ ಇದಲ್ಲ. ಅಮೆರಿಕದ ಆಗ್ನೇಯದಲ್ಲಿರುವ ಅಪಲೇಚಿಯನ್ ಬೆಟ್ಟಸೀಮೆಯ ಪಿಟೀಲು ಮಟ್ಟುಗಳು, ಚರ್ಚಿನ ಹಾಡುಗಳು, ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿಯ ಬ್ಲೂಸ್ ಹಾಡುಗಳು ಇವೆಲ್ಲ ಕೂಡಿ ಆದ ಸಂಗೀತವಿದು. ಬ್ಯಾಂಜೊ ಕೂಡ ಮೂಲತಃ ಪಶ್ಚಿಮ ಆಫ್ರಿಕಾದ ಸೋರೆಬುರುಡೆಯ ವಾದ್ಯಗಳ ಸಂತಾನವೇ. ಕೆಂಟಕಿಯ ಮ್ಯಾಂಡೊಲಿನ್ ವಾದಕ ಬಿಲ್ ಮನ್ರೊ ಈ ಸಂಗೀತಕ್ಕೆ ರೂಪ ಕೊಟ್ಟವರು. ಅವರು ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಆಪ್ರಿ’ ಬಾನುಲಿ ಕಾರ್ಯಕ್ರಮಕ್ಕೆ ಕಾಲಿಟ್ಟದ್ದು 1939ರಲ್ಲಿ. ನಮ್ಮ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳು ಶುರುವಾದದ್ದೂ ಅದೇ ವರ್ಷ; ಎರಡಕ್ಕೂ ಸಂಬಂಧವೇನಿಲ್ಲ, ಮೊಮ್ಮಗಳಿಗೆ ಕಾಲದ ಅಂದಾಜು ಸಿಗಲೆಂದು ಹೇಳಿದೆ. 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ತರುಣ ಮೂರು ಬೆರಳಿನ ಬ್ಯಾಂಜೊದೊಡನೆ ಮನ್ರೊ ತಂಡವನ್ನು ಸೇರಿದ ಮೇಲೆ ಇಂದು ನಾವು ಬ್ಲೂಗ್ರಾಸ್ ಎಂದು ಗುರುತಿಸುವ ನಾದ ಪೂರ್ಣವಾಯಿತು. ಇದರಲ್ಲಿ ಸಾಂಪ್ರದಾಯಿಕವಾಗಿ ಡ್ರಮ್ ಇರುವುದಿಲ್ಲ. ದೊಡ್ಡ ಬೇಸ್ ವಾದ್ಯ ತಾಳದ ಪೆಟ್ಟನ್ನು ಹಿಡಿದರೆ, ಮ್ಯಾಂಡೊಲಿನ್ ಅದರ ನಡುವಿನ ಖಾಲಿ ಜಾಗದಲ್ಲಿ ತಂತಿಗಳನ್ನು ಮೀಟಿ ತಕ್ಷಣ ಅದುಮಿ ‘ಚಕ್’ ಎನ್ನಿಸುತ್ತದೆ. ಡ್ರಮ್ಮಿನ ಕೆಲಸ ಅಲ್ಲಿಗೆ ಮುಗಿಯಿತು.

ಇನ್ನು ತಮ್ಮ ಸೆಲ್ಡಮ್ ಸೀನ್. 1971ರಲ್ಲಿ, ತಾವು ಕೆಲಸ ಮಾಡಿದ ಅದೇ ಬೆಥೆಸ್ಡಾದ ಮನೆಯೊಂದರ ನೆಲಮಾಳಿಗೆಯಲ್ಲಿ ವಾರಕ್ಕೊಮ್ಮೆ ಸೇರುತ್ತಿದ್ದ ಗೆಳೆಯರ ಗುಂಪು ಅದು. ಮನೆ ಬ್ಯಾಂಜೊ ವಾದಕ ಬೆನ್ ಎಲ್ಡ್ರಿಜ್ ಅವರದು. ಅವರು ವೃತ್ತಿಯಿಂದ ಗಣಿತಜ್ಞರು. ಗಿಟಾರ್ ಹಿಡಿದು ಮುಖ್ಯ ಕಂಠದಲ್ಲಿ ಹಾಡುತ್ತಿದ್ದ ಜಾನ್ ಸ್ಟಾರ್ಲಿಂಗ್ ಸೇನೆಯ ಶಸ್ತ್ರವೈದ್ಯರು. ತೊಡೆಯ ಮೇಲಿಟ್ಟು ನುಡಿಸುವ ಡೊಬ್ರೊ ಎಂಬ ಗಿಟಾರಿನ ಮೈಕ್ ಆಲ್ಡ್ರಿಜ್ ಪತ್ರಿಕೆಯೊಂದರಲ್ಲಿ ಚಿತ್ರಕಲಾವಿದರು. ಬೇಸ್ ವಾದಕ ಟಾಮ್ ಗ್ರೇ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ನಕ್ಷೆ ಬರೆಯುತ್ತಿದ್ದರು. ಮ್ಯಾಂಡೊಲಿನ್ ವಾದಕ ಜಾನ್ ಡಫಿ ಅದಕ್ಕೆ ಮುಂಚೆ ಊರೂರು ತಿರುಗಿ ಹಾಡಿದವರು. 1957ರಲ್ಲಿ ಹುಟ್ಟಿದ ‘ಕಂಟ್ರಿ ಜೆಂಟಲ್‌ಮೆನ್’ ತಂಡದಲ್ಲಿ ಹನ್ನೆರಡು ವರ್ಷ ದುಡಿದು, ತಿರುಗಾಟ ಸಾಕಾಗಿ, ವಾದ್ಯ ರಿಪೇರಿ ಮಾಡಿಕೊಂಡು ಮನೆಯಲ್ಲಿದ್ದರು. ಇಸ್ಪೀಟಾಟಕ್ಕೆ ಸೇರುವ ಹಾಗೆ ವಾರಕ್ಕೊಂದು ಸಂಜೆ ಸೇರೋಣ, ಯಾರೂ ಕೆಲಸ ಬಿಡುವುದು ಬೇಡ ಎಂಬ ಒಡಂಬಡಿಕೆಯ ಮೇಲೆ ತಂಡ ನಿಂತಿತು. ಹೆಸರಿನಲ್ಲಿರುವ ಶ್ಲೇಷೆಯೂ ಅದೇ: ‘ಸೀನ್’ ಎಂಬುದಕ್ಕೆ ಕಾಗುಣಿತ ಬದಲಾದಂತೆ ರಂಗವೆಂಬ ಅರ್ಥವೂ ಬರುತ್ತದೆ, ಕಂಡದ್ದೆಂಬ ಅರ್ಥವೂ ಬರುತ್ತದೆ. ಅಪರೂಪಕ್ಕೆ ಕಾಣಿಸಿಕೊಳ್ಳುವವರು ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಂಡವರು ವಾರ ತಪ್ಪದೆ ಕಾಣಿಸಿಕೊಂಡದ್ದು ತಮಾಷೆಯ ಸಂಗತಿ. ಮೊದಲು ಬೆಥೆಸ್ಡಾದ ‘ರೆಡ್ ಫಾಕ್ಸ್ ಇನ್’ನಲ್ಲಿ, ಆಮೇಲೆ ತಾವು ಕಂಡ ಬರ್ಚ್‌ಮಿಯರ್‌ನಲ್ಲಿ.

ನನಗೆ ಈ ತಂಡದಲ್ಲಿ ಎಲ್ಲಕ್ಕಿಂತ ಹಿಡಿಸುವುದು ಇದೇ. ಕನ್ನಡದಲ್ಲಿ ‘ಹವ್ಯಾಸಿ’ ಎಂಬ ಮಾತನ್ನು ನಾವು ಕೀಳಾಗಿ ಬಳಸುವುದಿಲ್ಲ. ಹವ್ಯಾಸಿ ರಂಗಭೂಮಿಯೆಂದರೆ ಅರೆಬರೆ ರಂಗಭೂಮಿಯೆಂದು ಬೆಂಗಳೂರಿನಲ್ಲಿ ಯಾರೂ ತಿಳಿಯುವುದಿಲ್ಲ. ಹಗಲೆಲ್ಲ ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ದುಡಿದು, ಸಂಜೆ ಆರೂವರೆಗೆ ಬಸ್ಸಿಳಿದು ತಾಲೀಮಿಗೆ ಓಡುತ್ತಿದ್ದವರೇ ಈ ನಗರದ ನಾಟಕವನ್ನು ಕಟ್ಟಿದರು. ಸಂಗೀತವನ್ನೇ ನಂಬಿ ಬದುಕಬೇಕಾದವನು ಸಭಿಕರು ಕೇಳಿದ್ದನ್ನೇ ಮತ್ತೆ ಮತ್ತೆ ನುಡಿಸಬೇಕಾಗುತ್ತದೆ. ತಿಂಗಳ ಸಂಬಳ ಬೇರೆ ಕಡೆಯಿಂದ ಬರುತ್ತಿದ್ದ ಈ ಐವರು ಹಳೆಯ ಬೆಟ್ಟದ ಹಾಡುಗಳ ಪಕ್ಕದಲ್ಲಿ ಆ ಕಾಲದ ರಾಕ್ ಗೀತೆಗಳನ್ನು ತಂದು ನಿಲ್ಲಿಸಿದರು. ಸಂಪ್ರದಾಯಸ್ಥರು ಮುಖ ಸಿಂಡರಿಸಿದರೂ ಅವರಿಗೆ ಆಗಬೇಕಾದ ನಷ್ಟವೇನೂ ಇರಲಿಲ್ಲ.

ಬೆಟ್ಟದ ಸಂಗೀತ ರಾಜಧಾನಿಗೆ ಬಂದದ್ದಕ್ಕೂ ಕಾರಣವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲೂ ಅನಂತರವೂ ಬೆಟ್ಟಸೀಮೆಯ ಸಾವಿರಾರು ಜನ ಕೆಲಸ ಹುಡುಕಿಕೊಂಡು ವಾಷಿಂಗ್ಟನ್, ಬಾಲ್ಟಿಮೋರ್‌ಗಳಿಗೆ ಇಳಿದು ಬಂದರು. ಕರಾವಳಿಯಿಂದ ಹೋಟೆಲಿನ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರ ಹಿಂದೆಯೇ ಯಕ್ಷಗಾನವೂ ಬಂದು, ಮಳೆಗಾಲದಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ಚೆಂಡೆ ಕೇಳುವಂತಾದ ಹಾಗೆ, ಅವರ ಹಿಂದೆ ಬ್ಯಾಂಜೊವೂ ಬಂತು. ವಾಷಿಂಗ್ಟನ್ನಿನ ‘ಡಬ್ಲ್ಯುಎಎಂಯು’ ಬಾನುಲಿ ಕೇಂದ್ರ 1967ರಿಂದ ಈ ಸಂಗೀತವನ್ನು ಬಿತ್ತರಿಸತೊಡಗಿದ್ದರಿಂದ, ಬೆಟ್ಟವನ್ನೇ ನೋಡದ ಕಚೇರಿ ನೌಕರರೂ ಕೇಳುಗರಾದರು. ತಾವೂ ಅವರಲ್ಲೊಬ್ಬರು.

ತಾವು ಕೇಳಿದ ಮುಖ್ಯ ಕಂಠ ಸ್ಟಾರ್ಲಿಂಗ್ ಅವರದಾಗಿರಲಾರದು. ಅವರು ವೈದ್ಯವೃತ್ತಿಗೆಂದು 1977ರಲ್ಲೇ ತಂಡ ಬಿಟ್ಟಿದ್ದರು. ತಮ್ಮ ಗುರುವಾರಗಳಲ್ಲಿ ಹಾಡುತ್ತಿದ್ದವರು ಫಿಲ್ ರೋಸೆಂಥಾಲ್. ಮೇಲಿನ ಸ್ಥಾಯಿಯಲ್ಲಿ ಗೋಡೆ ಅದುರುವಂತೆ ಹಾಡುತ್ತಿದ್ದ ಡಫಿ 1996ರ ಡಿಸೆಂಬರಿನಲ್ಲಿ ತೀರಿಕೊಂಡರು. ಬಿಲ್ ಮನ್ರೊ ಹೋದದ್ದೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಆಲ್ಡ್ರಿಜ್ 2012ರಲ್ಲಿ, ಸ್ಟಾರ್ಲಿಂಗ್ 2019ರಲ್ಲಿ ತೀರಿಕೊಂಡರು. ಕೊನೆಯವರೆಗೂ ಉಳಿದಿದ್ದ ಮೂಲ ಸದಸ್ಯ ಎಲ್ಡ್ರಿಜ್ 2016ರಲ್ಲಿ ನಿವೃತ್ತರಾಗಿ 2024ರಲ್ಲಿ ಕಾಲವಾದರು. ಅವರ ಮಗ ಕ್ರಿಸ್ ‘ಪಂಚ್ ಬ್ರದರ್ಸ್’ ತಂಡದ ಗಿಟಾರ್ ವಾದಕ. 2014ರಲ್ಲಿ ತಂಡಕ್ಕೆ ಬ್ಲೂಗ್ರಾಸ್ ಕ್ಷೇತ್ರದ ಕೀರ್ತಿಭವನದ ಗೌರವ ಸಂದಿತು. ಕ್ಯಾಸೆಟ್ಟುಗಳನ್ನು ದಯವಿಟ್ಟು ಬೇಗ ಡಿಜಿಟಲ್ ಮಾಡಿಸಿ. ನನ್ನಲ್ಲಿದ್ದ ಒಂದರ ಟೇಪು ಯಂತ್ರದ ಹಲ್ಲಿಗೆ ಸಿಕ್ಕಿ, ಪೆನ್ಸಿಲ್ ತೂರಿಸಿ ಸುತ್ತಿದರೂ ಸುಕ್ಕು ಹೋಗದೆ, ಈಗಲೂ ಒಂದು ಹಾಡಿನ ನಡುವೆ ಐವರೂ ಒಟ್ಟಿಗೆ ನೀರಿನಲ್ಲಿ ಮುಳುಗಿ ಎದ್ದ ಹಾಗೆ ಕೇಳಿಸುತ್ತದೆ.

ಪ್ರಶ್ನೆ: ಬ್ಲೂಗ್ರಾಸ್ ಎಂದರೆ ನೀಲಿ ಹುಲ್ಲೇ?
— ರಾಜಾಜಿನಗರದ ಓದುಗರು

ಉತ್ತರ: ಹುಲ್ಲೇ, ಆದರೆ ಹಸಿರಾಗಿಯೇ ಇರುತ್ತದೆ, ಕತ್ತರಿಸದೆ ಬಿಟ್ಟರೆ ಹೂಗೊಂಚಲಿಗೆ ನೀಲಿ ಛಾಯೆ ಬರುತ್ತದೆ. ಆ ಹುಲ್ಲಿನಿಂದ ಕೆಂಟಕಿ ರಾಜ್ಯಕ್ಕೆ ಅಡ್ಡಹೆಸರು, ರಾಜ್ಯದಿಂದ ಮನ್ರೊ ಅವರ ‘ಬ್ಲೂ ಗ್ರಾಸ್ ಬಾಯ್ಸ್’ ತಂಡಕ್ಕೆ ಹೆಸರು, ತಂಡದಿಂದ ಸಂಗೀತಕ್ಕೆ ಹೆಸರು. ಮನ್ರೊ ಹುಟ್ಟಿದ ರೋಸೀನ್ ಎಂಬ ಊರು ಮಾತ್ರ ರಾಜ್ಯದ ಪಶ್ಚಿಮಕ್ಕಿದೆ. ಆ ಹುಲ್ಲಿಗೆ ಹೆಸರಾದ ಸೀಮೆಗೆ ಸೇರಿದ್ದಲ್ಲ.

ಪ್ರಶ್ನೆ: ಡೊಬ್ರೊ ಎಂಬ ವಾದ್ಯವನ್ನು ಮೊಬೈಲಿನಲ್ಲಿ ನೋಡಿದೆ. ನಮ್ಮ ಗೋಟುವಾದ್ಯದ ಹಾಗೆಯೇ ಜಾರಿಸುತ್ತಾರಲ್ಲ, ಇಲ್ಲಿಂದ ಅಲ್ಲಿಗೆ ಹೋದದ್ದೇ?
— ಬಸವನಗುಡಿಯ ಓದುಗರು

ಉತ್ತರ: ಒಳ್ಳೆಯದೆಲ್ಲ ಇಲ್ಲಿಂದಲೇ ಹೋಯಿತೆನ್ನುವ ಆಸೆ ನನಗೂ ಇದೆ, ಆದರೆ ಈ ವಿಷಯದಲ್ಲಿ ಹಾಗೆ ಹೇಳಲು ಆಧಾರವಿಲ್ಲ. ತೊಡೆಯ ಮೇಲಿಟ್ಟ ಗಿಟಾರಿನ ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸುವ ಪದ್ಧತಿ ಅಮೆರಿಕಕ್ಕೆ ಬಂದದ್ದು ಹವಾಯಿ ದ್ವೀಪಗಳಿಂದ. ಆ ಗಿಟಾರಿನ ದನಿ ಸಣ್ಣದು. ವಿದ್ಯುತ್ ಧ್ವನಿವರ್ಧಕ ಬಳಕೆಗೆ ಬರುವ ಮುನ್ನ, ಸ್ಲೊವಾಕಿಯಾದಿಂದ ಬಂದು ನೆಲೆಸಿದ್ದ ಡೋಪಿಯೇರಾ ಸಹೋದರರು ಗಿಟಾರಿನ ಹೊಟ್ಟೆಯೊಳಗೆ ಅಲ್ಯೂಮಿನಿಯಂ ತಗಡಿನ ಬಟ್ಟಲನ್ನು ಕೂರಿಸಿ ದನಿಯನ್ನು ದೊಡ್ಡದು ಮಾಡಿದರು. 1928ರಲ್ಲಿ ಅವರು ಅದಕ್ಕಿಟ್ಟ ಹೆಸರು ಡೊಬ್ರೊ. ಮನೆತನದ ಹೆಸರಿನ ಮೊದಲಕ್ಷರಗಳು ಅದರಲ್ಲಿವೆ, ಅವರ ಭಾಷೆಯಲ್ಲಿ ಒಳ್ಳೆಯದು ಎಂಬ ಅರ್ಥವೂ ಇದೆ. ಅದೇ ಹವಾಯಿ ಪದ್ಧತಿ ಇನ್ನೊಂದು ದಾರಿಯಿಂದ ಭಾರತಕ್ಕೂ ಬಂತು. ಹವಾಯಿಯ ಕಲಾವಿದ ಟಾವ್ ಮೋ 1940ರ ದಶಕದಲ್ಲಿ ಕೋಲ್ಕತ್ತದಲ್ಲಿ ನೆಲೆಸಿ ಕಲಿಸಿದರು. ಮುಂದೆ ಬ್ರಿಜ್‌ಭೂಷಣ್ ಕಾಬ್ರಾ ಅದರಲ್ಲಿ ಹಿಂದೂಸ್ತಾನಿ ನುಡಿಸಿದರು, ವಿಶ್ವಮೋಹನ ಭಟ್ಟರು ಅದನ್ನು ಮೋಹನವೀಣೆಯನ್ನಾಗಿ ಮಾರ್ಪಡಿಸಿದರು. ಒಂದೇ ಅಜ್ಜಿಯ ಈ ಇಬ್ಬರು ಮೊಮ್ಮಕ್ಕಳು 1990ರ ದಶಕದಲ್ಲಿ ಎದುರುಬದುರು ಕೂತರು: ಭಟ್ಟರೂ ಡೊಬ್ರೊದ ಜೆರ್ರಿ ಡಗ್ಲಸ್ ಅವರೂ ಸೇರಿ ಧ್ವನಿಮುದ್ರಿಕೆಯನ್ನು ಹೊರತಂದರು. ಗೋಟುವಾದ್ಯ ಇವರ ಸಂಬಂಧಿಯಲ್ಲ, ಬೇರೆ ಬೀದಿಯಲ್ಲಿ ಹುಟ್ಟಿ ಅದೇ ಮುಖಚಹರೆ ಪಡೆದದ್ದು.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ಗಿಟಾರ್, ಪಿಟೀಲು, ಮ್ಯಾಂಡೊಲಿನ್ ಇದೆ. ಬ್ಯಾಂಜೊ ಬೇಕೆಂದು ಅಂಗಡಿಗೆ ಹೋದರೆ ಗುಂಡಿ ಒತ್ತುವ ಪೆಟ್ಟಿಗೆಯೊಂದನ್ನು ತೋರಿಸಿದರು. ಬೆಂಗಳೂರಿನಲ್ಲಿ ಬ್ಲೂಗ್ರಾಸ್ ಕೇಳುವವರು ಸಿಕ್ಕಾರೆ?
— ಎಚ್‌ಎಸ್‌ಆರ್ ಬಡಾವಣೆಯ ಓದುಗರು

ಉತ್ತರ: ಅಂಗಡಿಯವರು ತಪ್ಪು ಮಾಡಲಿಲ್ಲ. ಬುಲ್‌ಬುಲ್ ತರಂಗವನ್ನು ನಮ್ಮಲ್ಲಿ ಬ್ಯಾಂಜೊ ಎಂದೇ ಕರೆಯುವುದು ರೂಢಿ. ನಿಮಗೆ ಬೇಕಾದದ್ದನ್ನು ‘ಐದು ತಂತಿಯ ಬ್ಯಾಂಜೊ’ ಎಂದು ಕೇಳಬೇಕು. ನಾಲ್ಕು ತಂತಿಯದೂ ಇದೆ, ಅದರ ಶೈಲಿಯೇ ಬೇರೆ, ಅದಕ್ಕೆ ಹಣ ಕಳೆಯಬೇಡಿ.

ಕೇಳುಗರ ವಿಷಯದಲ್ಲಿ ಮೇಲಿನ ಮಲ್ಲೇಶ್ವರದ ಪತ್ರವನ್ನು ಮತ್ತೊಮ್ಮೆ ಓದಿ. ಅವರು ಹೋದದ್ದು ಬ್ಲೂಗ್ರಾಸ್ ಗೊತ್ತಿದ್ದರಿಂದ ಅಲ್ಲ, ಗುರುವಾರ ಹೋದರೆ ಆ ತಂಡ ಅಲ್ಲಿದ್ದೇ ಇರುತ್ತದೆಂದು ಕರೆದೊಯ್ದವರಿಗೆ ಗೊತ್ತಿದ್ದರಿಂದ. ನಮ್ಮ ಬಡಾವಣೆಗಳ ಭಜನಾ ಮಂಡಳಿಗಳು ಹತ್ತಾರು ವರ್ಷ ಉಳಿದದ್ದೂ ಶನಿವಾರವೆಂದರೆ ಶನಿವಾರ ಎಂಬ ಹಟದಿಂದ. ಆದ್ದರಿಂದ ದೊಡ್ಡ ವೇದಿಕೆಯನ್ನು ಹುಡುಕುವ ಮೊದಲು ಒಂದು ಚಿಕ್ಕ ಜಾಗವನ್ನೂ ವಾರದ ಒಂದು ದಿನವನ್ನೂ ಗೊತ್ತುಮಾಡಿಕೊಳ್ಳಿ. ಆರು ಜನ ಬಂದರೂ ನುಡಿಸಿ. ಊಟದ ತಟ್ಟೆಗಳ ಸದ್ದಿನಲ್ಲಿ ಮುಳುಗಿಹೋಗುವ ಜಾಗ ಬೇಡ, ಏಕೆಂದರೆ ಈ ಸಂಗೀತಕ್ಕೆ ಡ್ರಮ್ಮಿನ ರಕ್ಷಣೆಯಿಲ್ಲ. ಸಾಧ್ಯವಾದರೆ ಹಳಬರ ಹಾಗೆ ಒಂದೇ ಮೈಕನ್ನು ನಡುವೆ ನಿಲ್ಲಿಸಿ, ಸರದಿ ಬಂದವನು ಮುಂದೆ ಬಾಗಿ ನುಡಿಸಿ, ಮುಗಿಸಿ ಹಿಂದೆ ಸರಿಯುವುದನ್ನು ಅಭ್ಯಾಸ ಮಾಡಿ. ಮೊದಮೊದಲು ಪಿಟೀಲಿನ ಕಮಾನು ಪಕ್ಕದವನ ಕಿವಿಗೆ ತಗಲುತ್ತದೆ, ಎರಡು ತಿಂಗಳಲ್ಲಿ ಸರಿಹೋಗುತ್ತದೆ. ವಾರ ಮಾತ್ರ ಗುರುವಾರವಾಗದಿರಲಿ. ರಾಯರ ವಾರವಾದ್ದರಿಂದ ಮಠಗಳಿರುವ ರಸ್ತೆಗಳಲ್ಲಿ ಆ ಸಂಜೆ ಬೇಸ್ ವಾದ್ಯವನ್ನು ಆಟೋದಿಂದ ಇಳಿಸಲೂ ಜಾಗ ಸಿಗುವುದಿಲ್ಲ.