ವೆಬ್‌ಸೈಟ್ ಇಳಿಸಬೇಡಿ, ಪ್ರೂಫ್ ಪ್ರಿಂಟ್ ತೆಗೆದು ಯಜಮಾನ್ರ ಮುಂದೆ ಇಡಿ

ಬ್ರದರ್, ನಿಮ್ಮ ಪೋಸ್ಟ್ ಪೂರ್ತಿ ಓದಿದೆ. ದಾವಣಗೆರೆ ಸೀರೆ ಅಂಗಡಿ, ವರ್ಡ್‌ಪ್ರೆಸ್ (ಸೈಟ್ ಕಟ್ಟೋ ತಂತ್ರಾಂಶ) ಮೇಲೆ ವೂಕಾಮರ್ಸ್ (ಆನ್‌ಲೈನ್ ಅಂಗಡಿ ಪ್ಲಗಿನ್), ಅಡ್ವಾನ್ಸ್ ಇಲ್ಲ. ಯಜಮಾನ್ರ ಮಗ ವಾಟ್ಸಾಪಲ್ಲಿ ವಾಯ್ಸ್ ನೋಟ್ ಕಳಿಸ್ತಾನೆ, ನೀವು ಗಿರಾಕಿಗಳು ನೋಡೋ ಲೈವ್ ಸೈಟಲ್ಲೇ ತಿದ್ದುತ್ತೀರಿ. ಐದನೇ ಸಲ ಹೋಮ್ ಪೇಜ್ ಬದಲಾದ ಮೇಲೆ ಯಜಮಾನ್ರು ನೋಡಿ "ನಾವು ಹೇಳಿದ್ದೇ ಇದಲ್ಲ" ಅಂದಿದ್ದಾರೆ. ಬಾಕಿ ದುಡ್ಡು ಬರೋವರೆಗೆ ಸೈಟ್ ಇಳಿಸಿಬಿಡಲಾ, ಅಂದ್ರೆ ಯಾರಿಗೂ ತೆರೆಯದಂತೆ ಬಂದ್ ಮಾಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಇಳಿಸಬೇಡಿ. ಡೊಮೇನ್ (ಸೈಟಿನ ವಿಳಾಸದ ಹೆಸರು) ನಿಮ್ಮ ಜಿಮೇಲಲ್ಲಿದ್ದರೂ ಅದಕ್ಕೆ ದುಡ್ಡು ಕಟ್ಟಿದವರು ಅವರು. ಅನುಮತಿ ಇಲ್ಲದೆ ಇನ್ನೊಬ್ಬರ ಸಿಸ್ಟಮ್‌ಗೆ ಅಡ್ಡಿ ಮಾಡೋದಕ್ಕೆ ಐಟಿ ಕಾಯ್ದೆ 2000ರ 43ನೇ ಸೆಕ್ಷನ್ ಇದೆ. ದುಡ್ಡು ಕೇಳಬೇಕಾದ ನೀವೇ ಪರಿಹಾರ ಕೊಡೋ ಜಾಗದಲ್ಲಿ ನಿಲ್ತೀರಿ.

ಸೈಟ್ ಮಾಡೋರ ಈ ಗುಂಪಲ್ಲಿ ಅಂಗಡಿ ಹೆಸರು ಬದಲಾಗಿ ಇದೇ ತಕರಾರು ಮತ್ತೆ ಮತ್ತೆ ಬರ್ತಿದೆ, ಎಲ್ಲರೂ ಕ್ಲೈಂಟನ್ನ ಬೈದು ಸುಮ್ಮನಾಗ್ತಾರೆ. ಒಪ್ಪಿಗೆ ಕೊಡೋರು ಯಾರು ಅಂತ ಮೊದಲ ದಿನ ಯಾರೂ ಕೇಳಲ್ಲ. ನಮ್ಮ ಕಡೆ ಅಂಗಡೀಲಿ ನಮ್ಮ ಹತ್ರ ಮಾತಾಡೋದು ಮಗ ಇಲ್ಲ ಅಳಿಯ, ಚೆಕ್‌ಗೆ ಸೈನ್ ಹಾಕೋದು ಯಜಮಾನ್ರು. ಅವರು ನೀವು ಕಳಿಸಿದ ಲಿಂಕ್ ತೆರೆದು ಕೂತು ಓದೋರಲ್ಲ. ಆದರೆ ಬಿಲ್ ಬುಕ್ಕು, ಕರಪತ್ರ, ಮದುವೆ ಕಾರ್ಡಿನ ಪ್ರೂಫನ್ನ (ಅಚ್ಚಿಗೆ ಮುಂಚೆ ತಿದ್ದೋಕೆ ಕೊಡೋ ಕರಡು ಹಾಳೆ) ಪ್ರೆಸ್ಸಲ್ಲಿ ಕೂತು ಪೆನ್ನು ಹಿಡಿದು ತಿದ್ದಿ ತಿದ್ದಿ ಅಭ್ಯಾಸ ಇರೋರು. ಕಾಗದ ಕೈಗೆ ಕೊಟ್ರೆ ಒಂದು ದೀರ್ಘ ತಪ್ಪಿದ್ರೂ ಹಿಡೀತಾರೆ. ಹಂಗಾಗಿ ಸೈಟಿಗೂ ಪ್ರೂಫ್ ತೆಗೀರಿ.

ಎರಡು ಪ್ರೂಫ್ ಬೇಕು. ಮೊದಲನೇದು ಬರೀ ಮ್ಯಾಟರ್, ಅಂದ್ರೆ ಸೈಟಲ್ಲಿ ಬರೋ ಬರಹ, ಒಂದು ಸಾಲು ಕೋಡ್ ಬರೆಯೋಕೆ ಮುಂಚೆ. ಎ4 ಹಾಳೆ, 14 ಪಾಯಿಂಟ್ ಅಕ್ಷರ, ಬಲಗಡೆ ಅಗಲವಾದ ಮಾರ್ಜಿನ್, ಪ್ರತಿ ಪ್ಯಾರಾಗೂ ನಂಬರ್. ಅಂಗಡಿ ಹೆಸರು ಕನ್ನಡ ಇಂಗ್ಲಿಷ್ ಎರಡರಲ್ಲೂ ಹೇಗೆ ಬರೀಬೇಕು, ವಿಳಾಸ, ಫೋನ್, ಜಿಎಸ್‌ಟಿ ನಂಬರ್, "ನಮ್ಮ ಬಗ್ಗೆ", ಸೀರೆ ವಿಭಾಗಗಳ ಹೆಸರು, ಮಾದರಿಗೆ ಒಂದು ಹತ್ತು ಸೀರೆ ವಿವರ, ವಾಪಸ್ ಮತ್ತು ಡೆಲಿವರಿ ನಿಯಮ. ಈ ನಿಯಮದ ಪುಟಗಳನ್ನ ಕೊನೆಗೆ ತಳ್ಳಬೇಡಿ. ಪೇಮೆಂಟ್ ಗೇಟ್‌ವೇನೋರು (ಆನ್‌ಲೈನ್ ಪಾವತಿ ನಡೆಸೋ ಕಂಪನಿ) ಖಾತೆ ಚಾಲೂ ಮಾಡೋಕೆ ಮುಂಚೆ ಪ್ರೈವಸಿ, ಟರ್ಮ್ಸ್, ರಿಫಂಡ್, ಶಿಪ್ಪಿಂಗ್, ಕಾಂಟ್ಯಾಕ್ಟ್ ಪುಟ ಇದೆಯಾ ಅಂತ ನೋಡ್ತಾರೆ, ಇಲ್ಲದಿದ್ರೆ ಅರ್ಜಿ ಅಲ್ಲೇ ನಿಲ್ಲುತ್ತೆ.

ಎರಡನೇದು ಡಿಸೈನ್ ಪ್ರೂಫ್. ಕ್ರೋಮ್ ಬ್ರೌಸರಲ್ಲಿ ಡೆವ್‌ಟೂಲ್ಸ್ (ಸೈಟ್ ಮಾಡೋರ ಉಪಕರಣ) ತೆರೆದು ಮೊಬೈಲ್ ವ್ಯೂಗೆ ಹೋಗಿ ಅಗಲ 360 ಪಿಕ್ಸೆಲ್ ಇಡಿ. ಕಂಟ್ರೋಲ್-ಶಿಫ್ಟ್-ಪಿ ಒತ್ತಿ "ಕ್ಯಾಪ್ಚರ್ ಫುಲ್ ಸೈಜ್ ಸ್ಕ್ರೀನ್‌ಶಾಟ್" ಕೊಟ್ರೆ ಇಡೀ ಪುಟ ಒಂದೇ ಉದ್ದ ಚಿತ್ರವಾಗಿ ಬರುತ್ತೆ. ಅದನ್ನ ತುಂಡು ಮಾಡಿ ಅಡ್ಡ ಎ4ನಲ್ಲಿ ಮೂರು ಕಾಲಂ ಇಟ್ಟು ಪ್ರಿಂಟ್ ತೆಗೀರಿ. ಹೋಮ್, ಒಂದು ವಿಭಾಗ, ಒಂದು ಸೀರೆ, ಕಾರ್ಟ್, ಚೆಕ್‌ಔಟ್, ಇಷ್ಟು ಸಾಕು. ಅಂಗಡಿಗೆ ಹೋಗಿ ಕೆಂಪು ಪೆನ್ನಿನ ಜತೆ ಕೈಗೆ ಕೊಟ್ಟು ಸುಮ್ಮನೆ ಕೂತ್ಕೊಳ್ಳಿ. ಮಧ್ಯೆ ಬಾಯಿ ಹಾಕಿ ವಿವರಿಸೋಕೆ ಹೋದ್ರೆ ಅವರು ತಿದ್ದೋದು ಬಿಟ್ಟು ನಿಮ್ಮ ಮಾತು ಕೇಳಿ ತಲೆ ಆಡಿಸ್ತಾರೆ, ಆ ಒಪ್ಪಿಗೆಗೆ ಬೆಲೆ ಇಲ್ಲ. ಪ್ರತಿ ಹಾಳೆ ಮೇಲೂ ಸಹಿ, ತಾರೀಖು ತಗೊಳ್ಳಿ. ಅಲ್ಲೇ ಫೋಟೋ ಹೊಡೆದು ಮಗನ ವಾಟ್ಸಾಪಿಗೂ ಹಾಕಿ. ಎರಡು ಸುತ್ತು ತಿದ್ದುಪಡಿ ರೇಟಲ್ಲೇ ಸೇರಿದೆ, ಮೂರನೇದರಿಂದ ಗಂಟೆ ಲೆಕ್ಕ, ವಾಯ್ಸ್ ನೋಟ್ ಲೆಕ್ಕಕ್ಕಿಲ್ಲ, ಈ ಮೂರೂ ಕೊಟೇಶನ್ನಲ್ಲೇ ಕನ್ನಡದಲ್ಲಿ ಬರೆದಿರಬೇಕು.

ಇದರಲ್ಲಿ ಜೋಪಾನ ಮಾಡಬೇಕಾದ್ದೂ ಇದೆ. ಬಣ್ಣದ ಮಾತು ಕಾಗದದ ಮೇಲೆ ಆಡಬೇಡಿ. ಇಂಕ್‌ಜೆಟ್ಟಲ್ಲಿ ಮೆರೂನ್ ಕಂದು ಆಗುತ್ತೆ, ಅದಕ್ಕೇ ಅರ್ಧ ಗಂಟೆ ಹೋಗುತ್ತೆ. ಬಣ್ಣವನ್ನ ಯಜಮಾನ್ರ ಸ್ವಂತ ಫೋನಲ್ಲೇ ತೋರಿಸಿ. ಅವರ ಫೋನಲ್ಲಿ ಅಕ್ಷರದ ಗಾತ್ರ ದೊಡ್ಡದಾಗಿ ಇಟ್ಟಿರ್ತಾರೆ, ನಿಮ್ಮ ಬಟನ್ ಒಡೆಯುತ್ತಾ ಅಂತಲೂ ಅಲ್ಲೇ ಗೊತ್ತಾಗುತ್ತೆ. ಬಟನ್‌ಗೆ ಹೈಟ್ ಫಿಕ್ಸ್ ಮಾಡಬೇಡಿ, ಮಿನ್-ಹೈಟ್ (ಕನಿಷ್ಠ ಎತ್ತರ) ಮತ್ತು ಪ್ಯಾಡಿಂಗ್ (ಸುತ್ತ ಖಾಲಿ ಜಾಗ) ಕೊಡಿ. ಕನ್ನಡಕ್ಕೆ ಲೈನ್-ಹೈಟ್ (ಸಾಲಿನ ಎತ್ತರ) 1.6ಕ್ಕಿಂತ ಕಮ್ಮಿ ಇಟ್ರೆ ಸಾಲು ಸಾಲಿಗೆ ತಾಗಬಹುದು, ಓವರ್‌ಫ್ಲೋ ಹಿಡನ್ (ಮಿಕ್ಕಿದ್ದನ್ನ ಮರೆಮಾಡೋ ಸೆಟ್ಟಿಂಗ್) ಇದ್ದ ಕಡೆ ಕೆಳಗಿನ ಒತ್ತಕ್ಷರ ಕತ್ತರಿಸಿ ಹೋಗಬಹುದು. ಅಮಾವಾಸ್ಯೆ ದಿನ ಸಹಿಗೆ ಹೋಗಬೇಡಿ, ಮದುವೆ ಸೀಸನ್ನಲ್ಲಿ ಸಂಜೆ ಹೊತ್ತು ಹೋಗಲೇಬೇಡಿ.

ಮ್ಯಾಟರ್ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲಲ್ಲಿ ಬಂದಿದೆ, ಸೈಟಿಗೆ ಪೇಸ್ಟ್ ಮಾಡಿದ್ರೆ ಪೌಂಡ್ ಗುರುತು, ಚುಕ್ಕೆ ಅಕ್ಷರ ಬರ್ತಿದೆ ಅಂದ್ರಲ್ಲ, ಅದು ಫಾಂಟ್ ಇಲ್ಲದ ಸಮಸ್ಯೆ ಅಲ್ಲ. ಡಿಟಿಪಿಯೋರು ಕೊಡೋದು ಹಳೇ ಆಸ್ಕಿ ನುಡಿ. ಒಳಗಿರೋದು ಇಂಗ್ಲಿಷ್ ಸಂಕೇತಗಳೇ, ಕನ್ನಡದ ಆಕಾರ ಕೊಡ್ತಿದ್ದದ್ದು ಫಾಂಟ್. ಆ ಫಾಂಟನ್ನ ಸೈಟಿಗೆ ಹಾಕೋ ಬುದ್ಧಿವಂತಿಕೆ ಮಾಡಬೇಡಿ, ಗೂಗಲ್ ಹುಡುಕಾಟದಲ್ಲಿ ಒಂದು ಪದವೂ ಸಿಗಲ್ಲ. ಕನ್ವರ್ಟರಲ್ಲಿ ಯೂನಿಕೋಡ್‌ಗೆ (ಕನ್ನಡಕ್ಕೇ ಸ್ವಂತ ಸಂಕೇತ ಇರೋ ವ್ಯವಸ್ಥೆ) ತಿರುಗಿಸಿ. ತಿರುಗಿಸೋಕೆ ಮುಂಚೆ ಇಮೇಲ್, ವೆಬ್ ವಿಳಾಸ, ಇಂಗ್ಲಿಷ್ ಹೆಸರುಗಳನ್ನ ಬೇರೆ ತೆಗೆದಿಡಿ, ಇಲ್ಲದಿದ್ರೆ ಅವೂ ಕನ್ನಡ ಅಕ್ಷರಗಳಾಗಿ ಕಲಸಿಹೋಗ್ತವೆ. ಆಮೇಲೆ ಅರ್ಕಾವತ್ತು ಇರೋ ಪದಗಳನ್ನ ಕಣ್ಣಿಟ್ಟು ನೋಡಿ: ವರ್ಷ, ಕಾರ್ಯ, ಚಿತ್ರದುರ್ಗ. ಸೊನ್ನೆ ಒತ್ತಿ ಅನುಸ್ವಾರ ಮಾಡಿರೋ ಪದಗಳೂ ಇರ್ತವೆ, ನೋಡೋಕೆ ಒಂದೇ ಥರ, ಹುಡುಕಾಟಕ್ಕೆ ಬೇರೆ. ಫೋನ್ ನಂಬರ್ ಕನ್ನಡ ಅಂಕಿಗೆ ತಿರುಗಿದ್ರೆ ಕಾಲ್ ಲಿಂಕಿಗೆ ಇಂಗ್ಲಿಷ್ ಅಂಕಿಯನ್ನೇ ಕೊಡಿ.

ಪುಟದ ಸ್ಲಗ್ (ವೆಬ್ ವಿಳಾಸದ ಕೊನೇ ತುಂಡು) ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ. ವರ್ಡ್‌ಪ್ರೆಸ್ ಸ್ಲಗ್‌ಗೆ 200 ಅಕ್ಷರದ ಮಿತಿ, ಎನ್‌ಕೋಡ್ ಆದಾಗ ಕನ್ನಡದ ಒಂದೊಂದು ಕೋಡ್‌ಪಾಯಿಂಟೂ (ಯೂನಿಕೋಡ್ ಚಿಹ್ನೆ) 9 ಜಾಗ ತಿನ್ನುತ್ತೆ. ಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. 22 ಚಿಹ್ನೆಗೆ ಸ್ಲಗ್ ತುಂಡಾಗುತ್ತೆ.

ಲೈವಲ್ಲಿ ತಿದ್ದೋದನ್ನ ಇವತ್ತೇ ನಿಲ್ಲಿಸಿ. ಸಬ್‌ಡೊಮೇನಲ್ಲಿ ಸ್ಟೇಜಿಂಗ್ (ತಿದ್ದಿ ನೋಡೋಕೆ ಸೈಟಿನ ಇನ್ನೊಂದು ಪ್ರತಿ) ಮಾಡಿ ಪಾಸ್‌ವರ್ಡ್ ಹಾಕಿ. ಗೂಗಲ್ ಥರದವಕ್ಕೆ ಬರಬೇಡಿ ಅನ್ನೋ "ಡಿಸ್ಕರೇಜ್ ಸರ್ಚ್ ಎಂಜಿನ್ಸ್" ಟಿಕ್ ಅಲ್ಲಿ ಇರಲಿ, ಲೈವ್‌ಗೆ ಹೋಗುವಾಗ ತೆಗೆಯೋದು ಮರೀಬೇಡಿ. ಮಗನಿಗೆ ಪೂರ್ತಿ ಅಧಿಕಾರದ ಅಡ್ಮಿನ್ ಬೇಡ, ಅಂಗಡಿ ಕೆಲಸದಷ್ಟೇ ಅಧಿಕಾರದ ಶಾಪ್ ಮ್ಯಾನೇಜರ್ ರೋಲ್ ಸಾಕು. ನಲ್ಡ್ ಥೀಮ್ (ಲೈಸೆನ್ಸ್ ಮುರಿದ ಕಳ್ಳ ಪ್ರತಿಯ ಡಿಸೈನ್) ಬಳಸಿದ್ದೀರಿ ಅಂತ ಸ್ಕ್ರೀನ್‌ಶಾಟಲ್ಲೇ ಕಾಣ್ತಿದೆ, ದುಡ್ಡು ವ್ಯವಹಾರದ ಸೈಟಿಗೆ ಇದು ಸರಿಯಲ್ಲ. ಅದರಲ್ಲಿ ಬ್ಯಾಕ್‌ಡೋರ್ (ಒಳನುಗ್ಗೋ ಕಳ್ಳದಾರಿ) ಇದ್ರೆ ಗಿರಾಕಿಗಳ ವಿಳಾಸ, ಫೋನ್ ಎಲ್ಲ ಹೊರಗೆ. ಸ್ಟೋರ್‌ಫ್ರಂಟ್ ಅನ್ನೋ ಥೀಮ್ ಉಚಿತವಾಗಿಯೇ ಸಿಗುತ್ತೆ. ಎಲಿಮೆಂಟರ್ (ಎಳೆದು ಹಾಕಿ ಪುಟ ಕಟ್ಟೋ ಪ್ಲಗಿನ್) ಕೂಡ ಇಷ್ಟು ಸಣ್ಣ ಅಂಗಡಿಗೆ ಬೇಡ ಅನ್ನೋದು ನನ್ನ ಅಭಿಪ್ರಾಯ. ಡಿವ್ (ಕೋಡಿನ ಚೌಕಟ್ಟು) ಒಳಗೆ ಡಿವ್ ಸೇರಿ ಪುಟ ಭಾರ ಆಗುತ್ತೆ, ಬಿಟ್ಟು ಹೊರಬರೋದೂ ಕಷ್ಟ.

ಡೊಮೇನ್: ಅದೇ ರಿಜಿಸ್ಟ್ರಾರಲ್ಲಿ (ಡೊಮೇನ್ ಮಾರೋ ಕಂಪನಿ) ಅಂಗಡಿ ಇಮೇಲಿಂದ ಖಾತೆ ತೆರೆಸಿ ಅಲ್ಲಿಗೆ ವರ್ಗಾಯಿಸಿ. ಹೊಸ ಡಾಟ್ ಕಾಮ್ ಆದ್ರೆ ಕೊಂಡು 60 ದಿನ ಬೇರೆ ರಿಜಿಸ್ಟ್ರಾರಿಗೆ ಹೋಗಲ್ಲ. ನೇಮ್‌ಸರ್ವರ್ (ಡೊಮೇನಿನ ದಾಖಲೆ ಇಟ್ಟಿರೋ ಸರ್ವರ್) ಬದಲಿಸೋದಾದ್ರೆ ಇಮೇಲಿಗೆ ಬೇಕಾದ ಹಳೇ ಎಂಎಕ್ಸ್, ಎಸ್‌ಪಿಎಫ್, ಡಿಕಿಮ್ ರೆಕಾರ್ಡ್ ಮೊದಲು ಬರೆದಿಟ್ಟು ಹೊಸ ಕಡೆ ಸೇರಿಸಿ. ಇದು ಬಿಟ್ಟುಹೋದ್ರೆ ಸೈಟ್ ಚೆನ್ನಾಗೇ ತೆರೆಯುತ್ತೆ, ಅಂಗಡಿ ಮೇಲ್ ನಿಂತಿರುತ್ತೆ, ಆಡಿಟರ್ ಫೋನ್ ಮಾಡಿದಾಗಲೇ ಗೊತ್ತಾಗೋದು.

ಅಕ್ಷಯ ತೃತೀಯಕ್ಕೆ ಮುಹೂರ್ತದಲ್ಲೇ ಓಪನ್ ಆಗಬೇಕು ಅಂತಾರೆ, ಆ ಹೊತ್ತಿಗೆ ಡಿಎನ್‌ಎಸ್ (ಡೊಮೇನನ್ನ ಸರ್ವರಿಗೆ ಜೋಡಿಸೋ ದಾಖಲೆ) ಬದಲಿಸೋಕೆ ಹೋಗಬೇಡಿ. ಎರಡು ದಿನ ಮುಂಚೆ ಟಿಟಿಎಲ್ (ಹಳೇ ದಾಖಲೆಯನ್ನ ನೆನಪಿಟ್ಟುಕೊಳ್ಳೋ ಸಮಯ) 300 ಸೆಕೆಂಡಿಗೆ ಇಳಿಸಿ, ಹಿಂದಿನ ದಿನವೇ ಸರ್ವರ್ ಬದಲಿಸಿ ಮುಂದೆ "ಶೀಘ್ರದಲ್ಲಿ" ಪುಟ ಇಡಿ. ಮುಹೂರ್ತಕ್ಕೆ ಆ ಪುಟ ತೆಗೆದು ಸೈಟಿನ ಕ್ಯಾಶೆ (ಉಳಿಸಿಟ್ಟ ಹಳೇ ಪುಟಗಳ ಪ್ರತಿ) ಖಾಲಿ ಮಾಡಿದ್ರೆ ಆಯ್ತು. ಪೂಜೆಗೆ ಕೂತ ಯಜಮಾನ್ರ ಕೈಯಲ್ಲೇ ಆ ಪುಟ ತೆಗೆಯೋ ಬಟನ್ ಒತ್ತಿಸಿ.

ಈಗ ಬಾಕಿ. ಮೊದಲು ಪೂರ್ತಿ ಬ್ಯಾಕಪ್. ಆಮೇಲೆ ಮಾಡಿದ ಕೆಲಸ ತಾರೀಖಿನ ಪ್ರಕಾರ ಒಂದು ಹಾಳೆ, ಈಗಿನ ಸೈಟಿನ ಪ್ರೂಫ್ ಇನ್ನೊಂದು, ಎರಡನ್ನೂ ಹಿಡ್ಕೊಂಡು ಯಜಮಾನ್ರ ಹತ್ರಾನೇ ಹೋಗಿ. ಬಾಕಿಯ ಅರ್ಧ ದುಡ್ಡು ಸಹಿ ಆದ ದಿನ, ಉಳಿದದ್ದು ಪಾಸ್‌ವರ್ಡ್, ಡೊಮೇನ್ ಒಪ್ಪಿಸೋ ದಿನ. ಮುಂದಿನ ಕೆಲಸಕ್ಕೆ 40-30-30 ಇಡಿ: ಶುರುವಿಗೆ, ಡಿಸೈನ್ ಪ್ರೂಫ್ ಸಹಿಗೆ, ಲೈವ್‌ಗೆ ಮುಂಚೆ. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಉಚಿತ, ಇವತ್ತೇ ಮಾಡ್ಕೊಳ್ಳಿ. ಸಣ್ಣ ಉದ್ಯಮಗಳಿಗಿರೋ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇಲ್ಲದಿದ್ರೆ 15 ದಿನ, ಇದ್ರೂ 45 ದಿನಕ್ಕಿಂತ ಮೀರದಂತೆ ಪಾವತಿ ಆಗಬೇಕು, ತಡ ಆದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023-24ರಿಂದ ಹೀಗೆ ತಡ ಮಾಡಿದ ಬಿಲ್ಲನ್ನ ಅವರು ಆದಾಯ ತೆರಿಗೆ ಲೆಕ್ಕದಲ್ಲಿ ದುಡ್ಡು ಕೊಟ್ಟ ವರ್ಷದಲ್ಲೇ ಖರ್ಚಿಗೆ ತೋರಿಸಬೇಕು, ಅವರ ಆಡಿಟರಿಗೆ ಈ ಮಾತು ತಕ್ಷಣ ಅರ್ಥ ಆಗುತ್ತೆ. ನೋಂದಣಿಗೆ ಮುಂಚಿನ ಬಿಲ್ಲಿಗೆ ಇದು ಅನ್ವಯ ಆಗುತ್ತಾ ಅಂತ ತಕರಾರು ಬರುತ್ತೆ, ಆದ್ದರಿಂದ ಈ ಕೇಸಲ್ಲಿ ಅದನ್ನೇ ನಂಬ್ಕೊಂಡು ಕೂರಬೇಡಿ.

ಇನ್ನೊಂದು, ನಿಮ್ಮ ಹೋಮ್ ಪೇಜಲ್ಲಿ ಸಿಲ್ಕ್ ಮಾರ್ಕ್ (ಅಪ್ಪಟ ರೇಷ್ಮೆಯ ಗುರುತು) ಲೋಗೋ ಇದೆ, ಎಲ್ಲ ಸೀರೆಗೂ "ಅಸಲಿ ಮೊಳಕಾಲ್ಮೂರು" ಅಂತ ಹಾಕಿದ್ದೀರಿ. ಸಿಲ್ಕ್ ಮಾರ್ಕ್ ಬಳಸೋಕೆ ಅಂಗಡಿಗೆ ಅಧಿಕೃತ ಅನುಮತಿ ಇರಬೇಕು, ಮೊಳಕಾಲ್ಮೂರು ಸೀರೆಗೆ ಜಿಐ (ಆ ಊರಿನ ಸರಕಿಗಷ್ಟೇ ಆ ಹೆಸರು ಅನ್ನೋ ಭೌಗೋಳಿಕ ಗುರುತು) ಇದೆ. ಅನುಮತಿ ಪತ್ರದ ಪ್ರತಿ ಕೇಳಿ. ಪತ್ರ ಕೈಗೆ ಬರೋವರೆಗೆ ಲೋಗೋ ತೆಗೆದಿಡಿ, ಯಾವ ಸೀರೆಗೆ ಆ ಹೆಸರು ಅಂತ ಮ್ಯಾಟರ್ ಪ್ರೂಫಲ್ಲೇ ಅವರ ಕೈಬರಹದಲ್ಲಿ ಬರೆಸಿಕೊಳ್ಳಿ.