ನೀವು ಕೇಳಿದಿರಿ: ‘ಬಧಾಯಿ ಹೋ’ದಲ್ಲಿ ಅಂಥದ್ದೇನಿದೆ?

ಪ್ರಶ್ನೆ: ನಮ್ಮ ಅತ್ತೆಗೆ ಹಿಂದಿ ಅರ್ಧಂಬರ್ಧ ಬರುತ್ತದೆ. ಆದರೂ ಟಿವಿಯಲ್ಲಿ ‘ಬಧಾಯಿ ಹೋ’ ಬಂದರೆ ಚಾನೆಲ್ ಬದಲಿಸಲು ಬಿಡುವುದಿಲ್ಲ. ವಯಸ್ಸಾದ ಗಂಡ ಹೆಂಡತಿಯ ಕಥೆಯಲ್ಲಿ ಅಂಥದ್ದೇನಿದೆ?
– ಓದುಗರೊಬ್ಬರು, ಹಾಸನ

ಉತ್ತರ: ರಿಮೋಟು ಅವರ ಕೈಯಲ್ಲೇ ಇರಲಿ ಬಿಡಿ. ಅಮಿತ್ ಶರ್ಮಾ ನಿರ್ದೇಶನದ ಈ ಸಿನಿಮಾ ಬಂದಿದ್ದು 2018ರಲ್ಲಿ. ದಿಲ್ಲಿಯ ರೈಲ್ವೆ ಟಿಟಿ ಕೌಶಿಕ್ (ಗಜರಾಜ್ ರಾವ್) ಅವರ ಹೆಂಡತಿ ಪ್ರಿಯಂವದಾ (ನೀನಾ ಗುಪ್ತಾ) ಈ ವಯಸ್ಸಿನಲ್ಲಿ ಮತ್ತೆ ಬಸುರಿ. ದೊಡ್ಡ ಮಗ (ಆಯುಷ್ಮಾನ್ ಖುರಾನಾ) ಕೆಲಸಕ್ಕೆ ಸೇರಿ ಹುಡುಗಿಯನ್ನೂ ನೋಡಿಕೊಂಡಿದ್ದಾನೆ, ಚಿಕ್ಕವನು ಇನ್ನೂ ಸ್ಕೂಲು, ಮನೆಯಲ್ಲಿ ಬಾಯಿ ಜೋರಿನ ಅತ್ತೆ ಬೇರೆ.

ಸುಮ್ನೆ ನಗಿಸಿ ಮುಗಿಸಬಹುದಿತ್ತು. ನಮ್ಮ ಸಿನಿಮಾಗಳಲ್ಲಿ ವಯಸ್ಸಾದ ಜೋಡಿ ಅಂದರೆ ಒಂದೋ ಕಾಮಿಡಿ, ಇಲ್ಲಾಂದ್ರೆ ಮಕ್ಕಳು ಮನೆಯಿಂದ ಹೊರಗೆ ಹಾಕಿ ಇಬ್ಬರೂ ಕಣ್ಣೀರು ಹಾಕುವ ಕಥೆ. ಇಲ್ಲಿ ಇರುವುದು ನಾಚಿಕೆ. ಟಿಟಿ ಸಾಹೇಬರು ‘ವ್ಯಾಕುಲ್’ ಅಂತ ಕಾವ್ಯನಾಮ ಇಟ್ಟುಕೊಂಡು ಕವಿತೆ ಬರೆಯುತ್ತಾರೆ, ಅದು ಅಚ್ಚಾದ ಖುಷಿಗೆ ರಾತ್ರಿ ಹೆಂಡತಿಗೆ ಓದಿ ಹೇಳುತ್ತಾರೆ, ಹೊರಗೆ ಮಳೆ, ಆಕೆ ಮನಸ್ಸಿಟ್ಟು ಕೇಳುತ್ತಾಳೆ. ಮುಂದಿನದು ನಿಮಗೆ ಗೊತ್ತು. ಆಮೇಲೆ ಆ ಸುದ್ದಿಯನ್ನು ಸ್ವಂತ ತಾಯಿಗೆ ಹೇಳಬೇಕಲ್ಲ, ಆಗ ಗಜರಾಜ್ ರಾವ್ ಮುಖ ನೋಡಬೇಕು. ಸಿಕ್ಕಿಬಿದ್ದ ಹುಡುಗನ ಥರ ತಲೆ ತಗ್ಗಿಸಿದ್ದಾರೆ, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇದೆ. ಮಗು ಬೇಕೋ ಬೇಡವೋ ಅನ್ನುವ ವಿಷಯ ಬಂದಾಗ ಮಾತ್ರ ಹೆಂಡತಿ ಹೇಳಿದ್ದೇ ಕೊನೆ, ಆತ ಎದುರಾಡುವುದಿಲ್ಲ.

ಇನ್ನೊಂದು ಗಮನಿಸಿ. ಆ ಗಂಡ ಹೆಂಡತಿ ಮೊದಲಿನಿಂದ ಕೊನೆವರೆಗೂ ಹಾಗೇ ಇರುತ್ತಾರೆ. ಬುದ್ಧಿ ಕಲಿಯಬೇಕಾದವರು ಮಿಕ್ಕವರೆಲ್ಲ! ಬೆಳೆದ ಮಕ್ಕಳು ತಲೆ ತಪ್ಪಿಸಿಕೊಂಡು ಓಡಾಡುತ್ತಾರೆ, ಮೀರತ್‌ನ ಮದುವೆಗೂ ಹೋಗುವುದಿಲ್ಲ. ಅದೇ ಮದುವೆಮನೆಯಲ್ಲಿ ನೆಂಟರು ಚುಚ್ಚಿ ಮಾತಾಡಿದಾಗ, ಅಲ್ಲಿಯವರೆಗೆ ಸೊಸೆಯನ್ನು ಬೈಯುತ್ತಲೇ ಇದ್ದ ಅಜ್ಜಿ ಎಲ್ಲರ ಮೇಲೂ ತಿರುಗಿಬೀಳುತ್ತಾಳೆ. ನನ್ನ ಸೇವೆ ಮಾಡಿದವಳು ಇವಳೇ ಅಂತ. ಸುರೇಖಾ ಸಿಕ್ರಿಗೆ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ನಿಮ್ಮ ಅತ್ತೆ ಕಾಯುವುದು ಈ ಸೀನ್‌ಗೇ ಇರಬೇಕು, ಒಂದು ಸಲ ಪಕ್ಕದಲ್ಲಿ ಕೂತು ನೋಡಿ.

ನೀನಾ ಗುಪ್ತಾ ಬಗ್ಗೆ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಮುಂಬೈಯಲ್ಲೇ ಇದ್ದೇನೆ, ಒಳ್ಳೆಯ ಪಾತ್ರ ಹುಡುಕುತ್ತಿದ್ದೇನೆ ಅಂತ ಅವರು 2017ರಲ್ಲಿ ಇನ್‌ಸ್ಟಾಗ್ರಾಂನಲ್ಲಿ ನೇರವಾಗಿಯೇ ಕೆಲಸ ಕೇಳಿದ್ದರು. ಮರುವರ್ಷ ಈ ಸಿನಿಮಾ. ಹೀರೊಯಿನ್ನಿನ ತಾಯಿಯಾಗಿ ಟ್ರೇ ಹಿಡಿದು ನಿಲ್ಲುವ ವಯಸ್ಸಿನಲ್ಲಿ ಕಥೆಯೇ ಅವರ ಸುತ್ತ ತಿರುಗಿತು.

ಕೊರತೆ ಇಲ್ಲವೇ? ಇದೆ. ದೊಡ್ಡ ಮಗನ ಲವ್ ಸ್ಟೋರಿ ನನಗೆ ಬೋರು. ಆಯುಷ್ಮಾನ್ ಅಭಿಮಾನಿಗಳು ಬೈದರೂ ಪರವಾಗಿಲ್ಲ, ಅಷ್ಟು ಹೊತ್ತು ನಾನು ಟೀ ಮಾಡಿಕೊಂಡು ಬರುತ್ತೇನೆ.

ಪ್ರಶ್ನೆ: ಕನ್ನಡದಲ್ಲಿ ಇಂಥದ್ದು ಬಂದಿಲ್ವಾ?
– ಇನ್ನೊಬ್ಬ ಓದುಗರು, ಧಾರವಾಡ

ಉತ್ತರ: ಇದೇ ಕಥೆ ತಮಿಳಿನಲ್ಲಿ 2022ರಲ್ಲಿ ‘ವೀಟ್ಲ ವಿಶೇಷಂ’ ಆಯಿತು, ಸತ್ಯರಾಜ್, ಊರ್ವಶಿ ಜೋಡಿ. ಕನ್ನಡದಲ್ಲಿ ಹತ್ತಿರದ್ದು ಬೇಕಾದರೆ ‘ಅಂಬಿ ನಿಂಗ್ ವಯಸ್ಸಾಯ್ತೋ’ ನೋಡಿ. ಅದೂ 2018ರದ್ದೇ, ‘ಬಧಾಯಿ ಹೋ’ಗಿಂತ ಕೆಲವೇ ವಾರ ಮೊದಲು ಬಂತು. ಧನುಷ್ ನಿರ್ದೇಶಿಸಿದ ‘ಪ ಪಾಂಡಿ’ಯ ರಿಮೇಕ್. ಮಗನ ಮನೆಯಲ್ಲಿ ಕೈಕಟ್ಟಿದಂತಾಗಿ ಕೂತ ಹಳೇ ಫೈಟರ್, ಬೈಕ್ ಹತ್ತಿ ಮೊದಲ ಪ್ರೀತಿಯನ್ನು ಹುಡುಕಿ ಹೊರಡುತ್ತಾನೆ. ಅಂಬರೀಷ್ ಎದುರು ಸುಹಾಸಿನಿ. ಫ್ಲ್ಯಾಶ್‌ಬ್ಯಾಕಿನ ಅಂಬಿಯಾಗಿ ಸುದೀಪ್. ಕಥೆ ಅಲ್ಲಲ್ಲಿ ಎಳೆದಂತೆ ಇದೆ. ಆದರೆ ಅಂಬರೀಷ್ ತೀರಿಹೋಗಿದ್ದು ಅದೇ ವರ್ಷ ನವೆಂಬರ್ 24ಕ್ಕೆ, ಹಾಗಾಗಿ ಟೈಟಲ್ ಕೇಳಿದರೇ ಒಂಥರಾ ಆಗುತ್ತದೆ.

ಪ್ರಶ್ನೆ: ‘ಬಧಾಯಿ ಹೋ’ವನ್ನು ಅಪ್ಪ ಅಮ್ಮನ ಜೊತೆ ಕೂತು ನೋಡಬಹುದಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಧಾರಾಳವಾಗಿ. ಮೊದಲರ್ಧದಲ್ಲಿ ಆಗಾಗ ಮುಜುಗರ ಆಗುತ್ತದೆ, ಅವರಿಗಲ್ಲ, ನಿಮಗೆ.