ರೇ ಬೋರ್ಕ್ ಟೀಮ್ ಬಿಟ್ಟು ಹೋದ್ರೂ ಬಾಸ್ಟನ್ ಜನ ಯಾಕೆ ಬೈಯಲ್ಲ?

ಐಸ್ ಹಾಕಿ ಡಿಫೆನ್ಸ್‌ಮನ್ ರೇ ಬೋರ್ಕ್‌ನ "ಕಪ್ ಆಸೆಗೆ ಟೀಮ್ ಬಿಟ್ಟು ಹೋದೋನು" ಅಂತ ಯಾರಾದ್ರೂ ಅಂದ್ರೆ (ಕಪ್ ಅಂದ್ರೆ ಸ್ಟ್ಯಾನ್ಲಿ ಕಪ್, ಉತ್ತರ ಅಮೆರಿಕದ NHL ಲೀಗ್ ಗೆದ್ದೋರಿಗೆ ಸಿಗೋದು), ಅದು ಸುಳ್ಳಲ್ಲ, ಆದ್ರೆ ಬಿಟ್ಟಿದ್ದು ಯಾವಾಗ ಅಂತ ನೋಡಿ. 1979ರಲ್ಲಿ 18 ವರ್ಷದ ಹುಡುಗ ಬಾಸ್ಟನ್ ಬ್ರೂಯಿನ್ಸ್‌ಗೆ ಬಂದ, 2000ದ ಮಾರ್ಚ್ ತನಕ ಅಲ್ಲೇ ಆಡ್ದ, 1988 ಮತ್ತೆ 1990ರಲ್ಲಿ ಫೈನಲ್‌ಗೂ ಹೋದ್ರು, ಎರಡು ಸಲಾನೂ ಎಡ್ಮಂಟನ್ ಆಯಿಲರ್ಸ್ ಕೈಲಿ ಸೋತ್ರು. ಆಮೇಲೆ ಟೀಮ್ ಸೊರಗ್ತಾ ಬಂತು, ಇವ್ನಿಗೆ 39 ಆಯ್ತು, ಆಗ ತಾನಾಗೇ ಕೇಳಿ ಕೊಲರಾಡೋ ಅವಲಾಂಚ್‌ಗೆ ಟ್ರೇಡ್ ಆದ.

ಡಿಫೆನ್ಸ್‌ಮನ್ ಅಂದ್ರೆ ಗೋಲ್ ಮುಂದೆ ನಿಂತು ಬಂದೋರಿಗೆಲ್ಲ ಡಿಕ್ಕಿ ಹೊಡೆಯೋನು ಅಂತ್ಲೇ ನಾನೂ ಅನ್ಕೊಂಡಿದ್ದೆ. ಬೋರ್ಕ್‌ದು ಹಳೇ ಕ್ಲಿಪ್ಸ್ ನೋಡಿ, ಎದುರಾಳಿ ಹತ್ರ ಪಕ್ (ಚೆಂಡಿನ ಬದ್ಲು ಇರೋ ರಬ್ಬರ್ ಬಿಲ್ಲೆ) ಕಿತ್ಕೊಳ್ಳೋದೂ ಅವ್ನೇ, ಮುಂದಕ್ಕೆ ಪಾಸ್ ಕೊಡೋದೂ ಅವ್ನೇ, ಪವರ್ ಪ್ಲೇಲಿ ದೂರದ ಬ್ಲೂ ಲೈನ್ ಅನ್ನೋ ಗೆರೆ ಹತ್ರದಿಂದ ಗೋಲಿಗೆ ಶಾಟ್ ಹೊಡೆಯೋದೂ ಅವ್ನೇ (ಕ್ರಿಕೆಟ್ ಪವರ್ ಪ್ಲೇ ಅಲ್ಲ, ಎದುರು ಟೀಮಿನೋನು ಫೌಲ್ ಮಾಡಿ ಪೆನಾಲ್ಟಿ ಬಾಕ್ಸಲ್ಲಿ ಕೂತಾಗ ನಮ್ಮೋರು ಒಬ್ರು ಜಾಸ್ತಿ ಇರ್ತಾರಲ್ಲ, ಅದು). 1612 ಮ್ಯಾಚು, 410 ಗೋಲು, 1169 ಅಸಿಸ್ಟು (ಬೇರೆಯೋರ ಗೋಲಿಗೆ ಪಾಸ್ ಕೊಟ್ಟಿದ್ದು), ಗೋಲು ಅಸಿಸ್ಟು ಎರಡೂ ಸೇರಿದ್ರೆ ಪಾಯಿಂಟ್ಸ್. ಡಿಫೆನ್ಸ್‌ಮನ್‌ಗಳಲ್ಲಿ ಇಷ್ಟು ಪಾಯಿಂಟ್ಸ್ ಇನ್ನೂ ಯಾರೂ ಮಾಡಿಲ್ಲ.

ಆದ್ರೆ ಜನಕ್ಕೆ ಅವ್ನು ಇಷ್ಟ ಆಗಿದ್ದು ಬರೀ ನಂಬರ್‌ಗಳಿಂದ ಅಲ್ಲ. ಬೋರ್ಕ್ ಬಂದಾಗಿಂದ 7ನೇ ನಂಬರ್ ಜೆರ್ಸಿ ಹಾಕ್ತಿದ್ದ, ಅದು ಮೊದ್ಲು ಬ್ರೂಯಿನ್ಸ್‌ನ ಹಳೇ ಸ್ಟಾರ್ ಫಿಲ್ ಎಸ್ಪೊಸಿಟೊ ನಂಬರ್. 1987ರ ಡಿಸೆಂಬರಲ್ಲಿ ಎಸ್ಪೊಸಿಟೊಗೆ ಗೌರವ ಮಾಡೋ ಫಂಕ್ಷನ್ ಇತ್ತು, ಇವ್ನು ಸ್ಕೇಟ್ ಮಾಡ್ಕೊಂಡು ಅವ್ನ ಮುಂದೆ ಹೋಗಿ ಎಲ್ರೆದುರೇ 7ರ ಜೆರ್ಸಿ ಬಿಚ್ಚಿ ಕೊಟ್ಟ, ಒಳಗೆ 77 ಹಾಕ್ಕೊಂಡಿದ್ದ! ಆಮೇಲೆ ಕೊನೇವರೆಗೂ 77 ಅವ್ನದೇ.

ಇನ್ನು ಕಪ್ ವಿಷ್ಯ. 2001ರ ಜೂನ್ 9, ನ್ಯೂಜೆರ್ಸಿ ಡೆವಿಲ್ಸ್ ಮೇಲೆ ಫೈನಲ್ ಸರಣಿಯ ಏಳನೇ, ಕೊನೇ ಮ್ಯಾಚು, ಕೊಲರಾಡೋ 3-1ಕ್ಕೆ ಗೆಲ್ತು. ಸ್ಟ್ಯಾನ್ಲಿ ಕಪ್‌ನ ಮೊದ್ಲು ಕ್ಯಾಪ್ಟನ್ ಎತ್ಬೇಕು, ಅದೇ ವಾಡಿಕೆ, ಆದ್ರೆ ಕ್ಯಾಪ್ಟನ್ ಜೋ ಸ್ಯಾಕಿಕ್ ತಾನು ಎತ್ತದೇ ಸೀದಾ ಬೋರ್ಕ್ ಕೈಗೆ ಕೊಟ್ಬಿಟ್ಟ. 22 ಸೀಸನ್ ಆದ್ಮೇಲೆ ಮೊದಲ್ನೇ ಕಪ್ಪು, ಅದೇ ಅವ್ನ ಕೊನೇ ಮ್ಯಾಚೂ ಹೌದು. ಮೂರು ದಿನಕ್ಕೆ ಅದನ್ನ ಬಾಸ್ಟನ್ ಸಿಟಿ ಹಾಲ್ ಹತ್ರ ತಂದ, ಬೇರೆ ಟೀಮ್ ಗೆದ್ದ ಕಪ್ ನೋಡೋಕೆ ಸಾವಿರಾರು ಬ್ರೂಯಿನ್ಸ್ ಫ್ಯಾನ್ಸ್ ಬಂದು ಕೂಗಾಡಿದ್ರು. ಬೈಯೋಕೆ ಎಲ್ಲಿ ಮನಸ್ಸು ಬರುತ್ತೆ ಹೇಳಿ.

ಅದೇ ವರ್ಷ ಬಾಸ್ಟನ್ 77ನ ರಿಟೈರ್ ಮಾಡ್ತು, ಅಂದ್ರೆ ಆ ನಂಬರ್ ಇನ್ಯಾರಿಗೂ ಕೊಡಲ್ಲ. ಕೊಲರಾಡೋದೋರೂ ಮಾಡಿದ್ರು, ಒಂದೂಕಾಲು ಸೀಸನ್ ಆಡಿದೋನಿಗೆ ಅದು ಸ್ವಲ್ಪ ಓವರ್ ಆಯ್ತು ಅನ್ಸುತ್ತೆ ನಂಗೆ.